ಅಂಬಕ್ಕನ ಡಬ್ಬಿಗೆ ಆರತಿ

ನಾನು ನಿಂತಿದ್ದದ್ದು ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ, ಗೆಳೆಯ ಪ್ರಕಾಶನ ಮನೆಯಲ್ಲಿ, ಅಡುಗೆಮನೆಯ ಕಟ್ಟೆಗೂ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯ ಬಾಗಿಲಿಗೂ ನಡುವೆ. ಹೋದ ವರ್ಷದ ಮಹಾನವಮಿ, ಬೆಳಗಿನ ಹತ್ತು ಗಂಟೆ ದಾಟಿತ್ತು. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಅವಲಕ್ಕಿಯ ತಟ್ಟೆ. ಹೀಗೆ ಶುರುಮಾಡುವುದು ನನ್ನ ಹೊಟ್ಟೆಪಾಡಿನ ರೂಢಿ. ಬೆಂಕಿ ಬಿದ್ದ ಮನೆಗಳ ವಿಮೆಯ ಕ್ಲೇಮುಗಳನ್ನು ಓದುವವನು ನಾನು. ನೀವು ಎಲ್ಲಿ ನಿಂತಿದ್ದಿರಿ, ಯಾವಾಗ ಎಂಬುದು ನಮ್ಮ ಮೊದಲ ಪ್ರಶ್ನೆ. ಜನ ತಡವರಿಸುತ್ತಾರೆ. ಅವರನ್ನು ಒಳಗೊಳಗೆ ಎಷ್ಟೋ ಸಲ ಬೈದುಕೊಂಡಿದ್ದೇನೆ. ಇನ್ನು ಬೈಯಲಾರೆ.

ನಾನು ಮೈಸೂರಿನವನು. ನಮ್ಮಲ್ಲಿ ಆಯುಧಪೂಜೆ ಎಂದರೆ ಕಾರು ತೊಳೆದು ನಿಂಬೆಹಣ್ಣು ಇಡುವುದು. ಹುಬ್ಬಳ್ಳಿಯ ಪ್ರಕಾಶನ ಮನೆಯಲ್ಲಿ ಅದು ಖಂಡೇಪೂಜೆ. ಅವರು ಲ್ಯಾಪ್‌ಟಾಪು, ಕಾರಿನ ಕೀಲಿಗಳ ಪಕ್ಕದಲ್ಲಿ ಒಂದು ಜೊತೆ ಗೆಜ್ಜೆಯನ್ನೂ, ತುಕ್ಕು ಹಿಡಿದ ದುಂಡನೆಯ ಒಂದು ತಗಡಿನ ಡಬ್ಬಿಯನ್ನೂ ಇಡುತ್ತಾರೆ. ಡಬ್ಬಿಯಲ್ಲಿ ಇರುವುದು ಸಿನಿಮಾದ ಒಂದು ರೀಲು. ಗೆಜ್ಜೆಯೂ ರೀಲೂ ಪ್ರಕಾಶನ ಅಜ್ಜಿ ಅಂಬಕ್ಕನವು.

ಅಂಬಕ್ಕ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು. ಕೊನೆಯ ಸಾಲಿನಲ್ಲಿ ನಿದ್ದೆ ಮಾಡುವವನೂ ಎದ್ದು ಕೂರುವಂಥ ಕಂಠವಂತೆ. ಆ ಕಂಠ ಕೇಳಿ ಬೆರಗಾದ ಮುಂಬಯಿಯವನೊಬ್ಬ ಅವಳನ್ನು ಕರೆದೊಯ್ದು ಸಿನಿಮಾಕ್ಕೆ ಹಾಕಿದ. ಆಗಿನ ಸಿನಿಮಾಕ್ಕೆ ಮಾತೇ ಇರಲಿಲ್ಲ! ಹಾಡಿಗಾಗಿ ಆಯ್ಕೆಯಾದವಳು ಕೆಲವು ವರ್ಷ ಪರದೆಯ ಮೇಲೆ ಬರೀ ಬಾಯಿ ಆಡಿಸುವ ರಾಣಿಯಾದಳು. ಅಂತೂ ಸಿನಿಮಾಕ್ಕೆ ಮಾತು ಬಂದಾಗ, ಇನ್ನು ಇವಳದೇ ಕಾಲ ಎಂದುಕೊಂಡರೆ, ಇವಳ ಹಿಂದಿಯಲ್ಲಿ ಹುಬ್ಬಳ್ಳಿ ಇದೆ ಎಂದು ಮನೆಗೆ ಕಳಿಸಿದರು. ನನ್ನ ಇಂಗ್ಲಿಷಿನಲ್ಲಿ ಇಪ್ಪತ್ತು ವರ್ಷದಿಂದ ಮೈಸೂರು ಇದೆ. ನನ್ನನ್ನು ಇನ್ನೂ ಇಟ್ಟುಕೊಂಡಿದ್ದಾರೆ, ನಾನು ರಾಣಿಯಲ್ಲ.

ಊರಿಗೆ ಬಂದ ಅಂಬಕ್ಕ ಹುಡುಗಿಯರಿಗೆ ಹಾಡು ಕಲಿಸಿದಳು, ಸಂಸಾರ ಮಾಡಿದಳು, ಪ್ರತಿ ಖಂಡೇಪೂಜೆಗೆ ಡಬ್ಬಿ ಇಟ್ಟು ಆರತಿ ಎತ್ತಿದಳು. ತೋರಿಸುವ ಯಂತ್ರ ಯಾರಲ್ಲಿತ್ತು? ಅವಳ ನಟನೆಯನ್ನು ಮನೆಯವರು ಯಾರೂ ನೋಡಲಿಲ್ಲ. ಪ್ರಕಾಶನಿಗಂತೂ ಇದೆಲ್ಲ ಕಟ್ಟುಕತೆ ಎಂಬ ಗುಮಾನಿ. "ಒಳಗ ಯಾರದರ ಮದವಿ ಪಿಚ್ಚರ್ ಇದ್ದೀತು," ಎಂದು ನಗುತ್ತಿದ್ದ. ಅವನ ಅಕ್ಕ ವಿಮಲಾ ಆಂಟಿ ನಗುತ್ತಿರಲಿಲ್ಲ. ಅವರು ಮೆಲ್ಬರ್ನಿನ ವೆರಿಬೀಯಲ್ಲಿ ಮಗಳ ಜೊತೆ ಇರುತ್ತಾರೆ. ಎಪ್ಪತ್ತು ದಾಟಿದೆ, ಕಣ್ಣಿನ ನಡುಭಾಗ ಮಸುಕಾಗುತ್ತಿದೆ, ಅಂಚುಗಳಲ್ಲಿ ಮಾತ್ರ ಕಾಣುತ್ತದೆ. ದೃಷ್ಟಿ ಇನ್ನೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅಜ್ಜಿಯನ್ನು ಒಮ್ಮೆ ನೋಡಬೇಕು, ಇಷ್ಟೇ ಅವರ ಆಸೆ. ಅದಕ್ಕಾಗಿ ನಾನು ಮೆಲ್ಬರ್ನಿನಲ್ಲಿ ಹಳೆಯ ಫಿಲ್ಮು ದುರಸ್ತಿ ಮಾಡುವ ಒಬ್ಬ ಹೆಂಗಸಿಗೆ ಬರೆದಿದ್ದೆ. ಆಕೆಯ ಫೋನು ಬಂದದ್ದು ಪೂಜೆಯ ಹೊತ್ತಿಗೆ.

ಪ್ರಕಾಶನ ಹೆಂಡತಿ ಶೈಲಾ ಆರತಿ ಹಾಡುತ್ತಿದ್ದರು. ಹಬ್ಬಕ್ಕೆಂದು ಮೆಲ್ಬರ್ನಿನಿಂದ ಬಂದಿದ್ದ ಆಂಟಿ ಕರ್ಪೂರ ಹಚ್ಚಿದ ತಟ್ಟೆ ಎತ್ತಿದ್ದರು. ಪ್ರತಿ ವರ್ಷ ಮುಚ್ಚಳಕ್ಕೆ ಹಚ್ಚುವ ಕುಂಕುಮವನ್ನು ಈ ಸಲ ಅಜ್ಜಿಗೇ ಹಚ್ಚಬೇಕೆಂದು ಡಬ್ಬಿ ತೆರೆಸಿದ್ದರು. ಹಳೆಯ ಕಾಲುಚೀಲದಂಥ ವಾಸನೆ ಕೋಣೆ ತುಂಬಿತ್ತು. ಫೋನಿನಲ್ಲಿ ಆಕೆ ಅವಸರವಿಲ್ಲದೆ ಕೇಳಿದಳು: ಡಬ್ಬಿ ಮುಚ್ಚಿದೆಯೇ? ಇಲ್ಲ ಎಂದೆ. ವಾಸನೆ ಇದೆಯೇ? ಇದೆ ಎಂದೆ. ಆ ಕಾಲದ ಫಿಲ್ಮು ಸಿಡಿಮದ್ದಿನ ಹತ್ತಿರದ ಸಂಬಂಧಿ, ಹೊತ್ತಿದರೆ ನೀರಿನೊಳಗೂ ಉರಿಯುತ್ತದೆ, ಹತ್ತಿರ ಬೆಂಕಿ ಏನೂ ಇಲ್ಲ ತಾನೆ ಎಂದಳು.

ನಾನು ತಟ್ಟೆ ನೋಡಿದೆ. ಅದು ಡಬ್ಬಿಗೆ ಒಂದು ಗೇಣು ದೂರದಲ್ಲಿ ಸುತ್ತುತ್ತಿತ್ತು.

"ಆಂಟಿ, ನಿಲ್ಲಿಸಿ. ಆ ಫಿಲ್ಮಿಗೆ ಬೆಂಕಿ ತಾಗಿದರೆ ಮನೆ ಉಳಿಯಲ್ಲ."

ಹಾಡು ನಿಂತಿತು, ಕೈ ನಿಲ್ಲಲಿಲ್ಲ. "ತಮ್ಮಾ, ಎತ್ತಿದ ಆರತಿ ನಡುವ ಇಳಸಾಂಗಿಲ್ಲ," ಎಂದರು ಆಂಟಿ.

"ಅಕ್ಕಾ, ಹುಚ್ಚಿದ್ದೀಯೇನ? ಆರಸು," ಎಂದು ಪ್ರಕಾಶ ಊದಲು ಬಾಗಿದ.

"ಊದಬ್ಯಾಡ. ಕಿಡಿ ಹಾರತದ."

ಅದು ನನಗೂ ಹೊಳೆದಿರಲಿಲ್ಲ. ಆಂಟಿ ತಟ್ಟೆಯನ್ನು ಎದೆಯ ಹತ್ತಿರ ತಂದುಕೊಂಡರು. ಸುತ್ತುವುದನ್ನು ಬಿಡದೆ, ಮುಖ ಡಬ್ಬಿಯ ಕಡೆಗೇ ಇಟ್ಟು, ಹಿಂದೆ ಹಿಂದೆ ನಡೆಯತೊಡಗಿದರು. ನಡುವೆ ಏನೂ ಕಾಣದ ಕಣ್ಣು, ಹಿಂದೆ ನೋಡದ ಹೆಜ್ಜೆ, ಕೈಯಲ್ಲಿ ಬೆಂಕಿ. ಯಾರೂ ಮುಟ್ಟುವಂತಿರಲಿಲ್ಲ. ನಾನು ಮೊಣಕೈಯಿಂದ ಲಾಂಡ್ರಿಯ ಜಾರುಬಾಗಿಲು ತಳ್ಳಿದೆ. ಅವಲಕ್ಕಿ ನೆಲಕ್ಕೆ ಬಿತ್ತು. ಈ ಘಟನೆಯಲ್ಲಿ ನನ್ನ ಸಾಹಸ ಅಷ್ಟೇ. ಆಂಟಿ ಮೆಟ್ಟಿಲಿಳಿದು ಹಿತ್ತಲಿನ ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತು, ಅಲ್ಲಿಂದಲೇ ಅಜ್ಜಿಗೆ ಆರತಿ ಎತ್ತಿದರು. ಒಳಗೆ ಶೈಲಾ ಡಬ್ಬಿ ಮುಚ್ಚಿದರು. ಗಾಳಿಗೆ ಕರ್ಪೂರ ಆರಿತು.

"ಮುಗದ ಮ್ಯಾಲ ಆರೇತಿ," ಎಂದರು ಆಂಟಿ.

"ಅರ್ಧಕ್ಕ ಆರೇತಿ, ನಾ ನೋಡೀನಿ," ಎಂದ ಪ್ರಕಾಶ, ಮೆಟ್ಟಿಲ ಮೇಲೆ ಕೂತು.

ಮುಂದೆ ಎಷ್ಟೋ ದಿನ ನಾನು ಲೆಕ್ಕ ಹಾಕುತ್ತಿದ್ದೆ: ಹುಬ್ಬಳ್ಳಿಯ ಬೇಸಿಗೆಗಳಲ್ಲಿ, ಮಾರ್ಸ್ಡನ್ ಪಾರ್ಕಿನ ಕಾದ ಗ್ಯಾರೇಜಿನಲ್ಲಿ, ಇಷ್ಟು ವರ್ಷ ಆ ಡಬ್ಬಿ ಸುಮ್ಮನಿತ್ತಲ್ಲ. ಭಕ್ತಿಯೇ ಕಾಪಾಡಿತು ಎಂದರೆ, ಸುಡಲು ಹೊರಟದ್ದೂ ಅದೇ ಅಲ್ಲವೇ? ನಮ್ಮ ಆಫೀಸಿನಲ್ಲಿ ಇದಕ್ಕೆ ಪಾಲಿಸಿ ಇಲ್ಲ.

ರೀಲನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಇಂಥದ್ದನ್ನೇ ಸಾಗಿಸುವವರು ಬಂದು ತಂಪುಪೆಟ್ಟಿಗೆಯಲ್ಲಿ ಮೆಲ್ಬರ್ನಿಗೆ ಒಯ್ದರು. ಫೆಬ್ರವರಿಯಲ್ಲಿ, ಇಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಕರೆ ಬಂತು. ಸುರುಳಿಯ ಬಹುಪಾಲು ಅಂಟಾಗಿ, ಕಂದು ಪುಡಿಯಾಗಿ ಹೋಗಿದೆ. ನಡುವಿನ ಒಂದು ತುಣುಕು ಬಿಡಿಸಿಕೊಂಡಿದೆ. ಅದರಲ್ಲಿ ಒಬ್ಬ ಹೆಂಗಸಿದ್ದಾಳೆ, ಯಾರೆಂದು ನೀವೇ ಹೇಳಬೇಕು. ನಾವು ನಾಲ್ವರು, ಪ್ರಕಾಶನ ಕಾಲೇಜು ಓದುವ ಮಗಳು ಅನ್ವಿಯೂ ಸೇರಿ, ಸಿಡ್ನಿಯಿಂದ ಹೋದೆವು. ವೆರಿಬೀಯಿಂದ ಆಂಟಿಯನ್ನು ಹತ್ತಿಸಿಕೊಂಡೆವು.

ಸಣ್ಣ ಕೋಣೆ, ಸಣ್ಣ ಪರದೆ. ಮೊದಲು ಬರೀ ಗೀರುಗಳು. ಆಮೇಲೆ ಬಟ್ಟೆಯ ಕಂಬಗಳ ಅರಮನೆ, ದಪ್ಪ ಮೀಸೆಯ ರಾಜ. ಆಂಟಿ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಗೋಡೆ ನೋಡುತ್ತಾ ಕೂತರು. ಹಾಗೆ ಕೂತರೆ ಮಾತ್ರ ಅವರಿಗೆ ಪರದೆ ಕಾಣುತ್ತದೆ. ರಾಣಿ ಬಂದಳು, ರಾಜನ ಕಾಲು ಹಿಡಿದಳು. ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈಯ ಹಿಂಭಾಗವನ್ನು ರಾಜನ ಮೂಗಿನ ಕೆಳಗೆ ಎರಡು ಸಲ ಝಾಡಿಸಿದಳು. ಬಾಯಿ ಬಿಡುವಿಲ್ಲದೆ ಆಡುತ್ತಿತ್ತು.

"ಅತ್ತೆ, ದಟ್ಸ್ ಯೂ," ಎಂದಳು ಅನ್ವಿ. "ವೆನ್ ಯೂ ಯೆಲ್ ಅಟ್ ಡ್ಯಾಡ್."

ಆಂಟಿ ಗೋಡೆ ನೋಡುತ್ತಲೇ ಹೇಳಿದರು: "ಮಾರಿ ಕಾಣವಲ್ದು. ಕೈ ಕಾಣಾಕತ್ತದ. ಆಕಿ ಅಳಾಕತ್ತಿಲ್ಲ, ಅವನ್ನ ಬೈಯಾಕತ್ಯಾಳ. ಹುಬ್ಬಳ್ಳಿ ಮಾತಿನ್ಯಾಗ."

ಇರಬಹುದು. ಯಾರಿಗೂ ಕೇಳದ ಸಿನಿಮಾದಲ್ಲಿ ತನ್ನ ಮಾತು ಬಿಡುವುದಕ್ಕೆ ಅವಳಿಗೇನು ಕಾರಣವಿತ್ತು?

ಪ್ರಕಾಶ ಕನ್ನಡಕ ತೆಗೆದು ಒರೆಸಿದ. "ಅಕ್ಕಾ, ಖರೇನ ಇತ್ತು."

"ಬಾಯಿ ಮುಚ್ಚು. ಇನ್ನೊಮ್ಮಿ ಹಾಕ್ಸು."

ಅಂದು ಅದನ್ನು ಎಷ್ಟು ಸಲ ಹಾಕಿಸಿದೆವೋ, ಎಣಿಸುವುದೇ ಕೆಲಸವಾದ ನಾನೂ ಎಣಿಸಲಿಲ್ಲ. ಅಂಬಕ್ಕನ ಕಾಲದಲ್ಲಿ ತಟ್ಟಿ ಕಟ್ಟಿದ ಥಿಯೇಟರುಗಳಲ್ಲಿ ಅವಳನ್ನು ನೋಡಿ ಸಿಳ್ಳೆ ಹಾಕಿದವರಲ್ಲಿ ಇಂದು ಯಾರೂ ಉಳಿದಿರಲಾರರು. ಅವಳು ರಾಜನನ್ನು ಬೈದದ್ದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಇಷ್ಟು ಜನ: ಮಾರ್ಸ್ಡನ್ ಪಾರ್ಕಿನ ಪ್ರಕಾಶ, ಶೈಲಾ ಮತ್ತು ಅನ್ವಿ, ಯಂತ್ರ ತಿರುಗಿಸಿದ ಆ ಹೆಂಗಸು, ನಾನು; ಮತ್ತು ವೆರಿಬೀಯ ವಿಮಲಾ ಆಂಟಿ, ನಮ್ಮೆಲ್ಲರಿಗಿಂತ ಕಡಿಮೆ ನೋಡಿ, ಬೈಗುಳವನ್ನೂ ಕೇಳಿಸಿಕೊಂಡವರು.