ಹನ್ನೊಂದರ ಹುಲಿ ಆರಕ್ಕೆ

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಸೈಕಲ್ ಅಂಗಡಿ ನಡೆಸುತ್ತಿದ್ದಾಗ ಕೆಲಸದ ನೆಪ, ಅಂಗಡಿ ಮುಚ್ಚಿದ ಮೇಲೆ ಕಣ್ಣಿನ ನೆಪ. ಕಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು. ಈಗ ಉಳಿದಿರುವ ನೆಪ ನಾಚಿಕೆಯೊಂದೇ.

ಕಳೆದ ತಿಂಗಳು ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಶಿಲ್ಪಾಳ ಮೊಬೈಲ್ ಆಟದ ಬಗ್ಗೆ ಮಾತು ಎದ್ದಿತು. ಎಲ್ಲೆಲ್ಲಿಯದೋ ಊರಿನ ಹತ್ತಾರು ಮಂದಿ ಸೇರಿ ಕೋಟೆ ಕಟ್ಟಿ, ದಂಡು ಸಾಗಿಸಿ ಆಡುವ ಆಟ. ಎದುರಾಳಿಯ ದಂಡು ಕಾಣದಂತೆ ನಕ್ಷೆಯ ಮೇಲೆ ಮಬ್ಬು ಕವಿದಿರುತ್ತದಂತೆ. ಯಾವನೋ ಒಬ್ಬ ಕಳ್ಳ ಆ್ಯಪ್ ಹಾಕಿಕೊಂಡು ಆ ಮಬ್ಬಿನಾಚೆ ನೋಡಿ ಆಡುತ್ತಿದ್ದ. ಇವಳು ಕಂಪನಿಗೆ ದೂರು ಬರೆದಿದ್ದಳು.

“ಆಟಕ್ಕ ಇಷ್ಟ್ಯಾಕವಾ?” ಎಂದ ನನ್ನ ಮಗ. “ಆಟ ಮಾಡಿಕೊಡೂದು ಕಂಪನಿ ಕೆಲಸ. ಕಳ್ಳರನ್ನ ಹಿಡಿಯೂದೂ ಅವರ ಕೆಲಸೇನು? ಆಡವ್ರು ತಾವ ನೆಟ್ಟಗಿರಬೇಕು.”

“ಇರಲಿಲ್ಲಂದ್ರ?”

“ಇರಲಿಲ್ಲಂದ್ರ ಬ್ಯಾರೆ ಆಟ ಆಡು.”

ಅವಳು ನನ್ನ ಕಡೆ ತಿರುಗಿದಳು. “ಅಜ್ಜಾ, ನೀನ ಹೇಳು.”

ಚಹಾ ಆರತೈತಿ ಎಂದು ನಾನು ಕಪ್ಪು ಹಿಡಿದು ಒಳಗೆ ಹೋದೆ. ಮಗ ಆಡಿದ ಮಾತನ್ನೇ ಅರವತ್ತು ವರ್ಷದ ಹಿಂದೆ ಇಟಗಿಯಲ್ಲಿ ಒಬ್ಬರು ಆಡಿದ್ದರು. ಆ ಮಾತಿನ ಮರೆಯಲ್ಲಿ ಅಡಗಿಕೊಂಡು ಉಳಿದವನು ನಾನು.

ಆಗ ನಮ್ಮೂರು ಇಟಗಿಯಿಂದ ಕುಕನೂರಿನ ಹೈಸ್ಕೂಲಿಗೆ ನಡೆದೇ ಹೋಗಬೇಕಿತ್ತು. ನಮ್ಮ ಓಣಿಯಿಂದ ಹೋಗುತ್ತಿದ್ದವನು ನಾನೊಬ್ಬನೇ. ಬುತ್ತಿಯಲ್ಲಿ ಎರಡು ಕಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ದಾರಿಯ ಎರಡೂ ಬದಿ ಜೋಳದ ಹೊಲ. ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದವರು ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಉಜ್ಜಿ, ಬಿಸಿ ಸೀತನಿಯನ್ನು ಅಂಗೈಗೆ ಹಾಕುತ್ತಿದ್ದರು. ಸಾಲಿಗೆ ಹೋಗುವಾಗ ಅಂಗಿಯ ತುಂಬ ಆ ಹೊಗೆಯ ವಾಸನೆ.

ಕುಕನೂರಿನಲ್ಲಿ ಕಲಾಯಿ ಹಸನಸಾಬರ ಅಂಗಡಿ ನನ್ನ ದಾರಿಯಲ್ಲೇ ಇತ್ತು. ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಕಾಯಿಸಿ ಒಳಮೈಗೆ ತವರ ಸವರುವ ಕೆಲಸ ಅವರದು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಬಿಳಿ ಹೊಗೆ ಮೂಗಿಗೆ ಚುರ್ ಎನ್ನುತ್ತಿತ್ತು. ಬೆಂಕಿಗೆ ಗಾಳಿ ಊದುವ ತಿದಿ ಒತ್ತಲು ಅವರ ಮಗಳು ಕೂರುತ್ತಿದ್ದಳು, ನನ್ನದೇ ವಯಸ್ಸಿನವಳು. ಏಳನೆಯ ಇಯತ್ತೆಗೆ ಸಾಲಿ ಬಿಡಿಸಿದ್ದರು. ಒಂದು ಕೈ ತಿದಿಯ ಮೇಲೆ, ಇನ್ನೊಂದು ಕೈಯಿಂದ ನೆಲದ ಮೇಲೆ ಇದ್ದಿಲಿನ ಗೆರೆ ಎಳೆದು ತನ್ನೊಡನೆ ತಾನೇ ಹುಲಿಕುರಿ ಆಡುತ್ತಿದ್ದಳು. ಅವಳ ಹೆಸರು ಬರೆಯಲು ಇನ್ನೂ ಕೈ ಏಳುತ್ತಿಲ್ಲ.

ಒಂದು ದಿನ ನಿಂತು ಆಡಿದೆ, ಸೋತೆ. ಮರುದಿನವೂ ಸೋತೆ. ಊರಿಗೆ ಬಂದು ಹೇಳಿದರೆ ಗೆಳೆಯರು ಕುಣಿದಾಡಿ ನಕ್ಕರು. ಆಮೇಲೆ ಎಲ್ಲರೂ ಸೇರಿ ಅವಳ ಮೇಲೆ ಆಡುವುದೆಂದು ತೀರ್ಮಾನವಾಯಿತು. ಆಟಕ್ಕೆ ದಾರಿ ಮಾಡಿಕೊಟ್ಟವರು ಬಡಿಗೇರ ಮೌನೇಶಜ್ಜ. ಒಂದೇ ಬೇವಿನ ಹಲಗೆಯನ್ನು ಎರಡಾಗಿ ಕೊಯ್ದು, ಎರಡರ ಮೇಲೂ ಒಂದೇ ನಮೂನೆಯ ಮನೆಗಳನ್ನು ಕೊರೆದು, ಇಪ್ಪತ್ತಮೂರು ಮನೆಗೂ ಕಾದ ಕಬ್ಬಿಣದಿಂದ ಅಂಕಿ ಸುಟ್ಟರು. ಒಂದು ಹಲಗೆ ಅಜ್ಜನ ಕಟ್ಟೆಯ ಮೇಲೆ, ಇನ್ನೊಂದು ಕಲಾಯಿ ಅಂಗಡಿಯಲ್ಲಿ. ನಮ್ಮವು ಹದಿನೈದು ಕುರಿ, ಹುಣಸೆ ಬೀಜ. ಅವಳವು ಮೂರು ಹುಲಿ. ಅವನ್ನು ಅವಳ ಅಪ್ಪ ತವರ ಕರಗಿಸಿ ಗುಂಡಗೆ ಎರಕ ಹೊಯ್ದುಕೊಟ್ಟಿದ್ದರು. ಕಟ್ಟೆಯ ಹಲಗೆಯ ಮೇಲೆ ಆ ಹುಲಿಗಳ ಬದಲು ಮೂರು ಕಲ್ಲು. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಹುಲಿ ಅಲುಗದಂತೆ ಸುತ್ತುಗಟ್ಟಬೇಕು. ಬೆಳಿಗ್ಗೆ ನಮ್ಮ ನಡೆಯನ್ನು ನಾನು ಅವಳಿಗೆ ಹೇಳುವುದು, ಸಂಜೆ ಅವಳ ನಡೆಯನ್ನು ಊರಿಗೆ ತರುವುದು. ಗೆದ್ದವರಿಗೆ ಎರಡೂ ಹಲಗೆ.

“ದಾರ್ಯಾಗ ಮರತೀಯೋ ಏನ್ ನೆನಪಿಟ್ಕೊಂತಿಯೋ?” ಎಂದು ಅವಳು ಮೊದಲ ದಿನ ಕೇಳಿದ್ದಳು.

“ನಾ ಮರೆಯಾಂವಲ್ಲ.”

“ಹಂಗಾರ ನಿನ್ನ ಬಾಯೇ ನಮ್ಮ ಪೋಸ್ಟು” ಎಂದು ನಕ್ಕಳು.

ದೀಪಾವಳಿಗೆ ಶುರುವಾದ ಆಟ ಸೀತನಿ ಕಾಲಕ್ಕೆ ಬಂದಾಗ ನಮ್ಮ ಐದು ಕುರಿ ಹೋಗಿದ್ದವು. ಕಟ್ಟೆಯ ಮೇಲೆ ಕೂತ ದೊಡ್ಡವರು ಹಂಗಿಸುತ್ತಿದ್ದರು. “ಏನ್ರಲೇ, ಒಂದು ಹುಡುಗಿ ತಿದಿ ಒತ್ತಗೋತ ನಿಮ್ಮನ್ನ ತಿಂತಾಳಲ್ರೋ! ಬಳಿ ಇಟ್ಕೊಂಡು ಕುಂದರ್ರಿ.” ಗೆಳೆಯರು ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಅವಳು, “ಹನ್ನೊಂದರ ಹುಲಿ ಆರಕ್ಕ” ಎಂದಳು. ದಾರಿಯುದ್ದಕ್ಕೂ ಹಲಗೆ ನನ್ನ ಕಣ್ಣ ಮುಂದೆ ಇತ್ತು. ಆರಕ್ಕೆ ಹೋದರೆ ಮುಂದಿನ ನಡೆಗೆ ಇನ್ನೊಂದು ಕುರಿ ಸಾಯುತ್ತದೆ. ಹನ್ನೆರಡಕ್ಕೆ ಹೋದರೆ ಹುಲಿಯೇ ಸಿಕ್ಕಿಬೀಳುತ್ತದೆ. ಕಟ್ಟೆಗೆ ಬಂದು, “ಹನ್ನೆರಡಕ್ಕಂತ” ಎಂದೆ. ಗೆಳೆಯರು ಹೋ ಎಂದು ಕೂಗಿದರು. ಒಬ್ಬ ನನ್ನನ್ನು ಎತ್ತಿ ತಿರುಗಿಸಿದ. ನನಗೆ ಆಗ ನಾಚಿಕೆಯಾಗಲಿಲ್ಲ, ಸಂತೋಷವೇ ಆಯಿತು. ಇದನ್ನೂ ಬರೆದೇ ಮುಂದೆ ಹೋಗಬೇಕು.

ಆಮೇಲೆ ಎರಡೂ ಹಲಗೆ ಬೇರೆ ಬೇರೆಯಾದವು. ಇಲ್ಲಿ ಅವಳ ಹುಲಿಗಳನ್ನು ನಾನೇ ನಡೆಸಿದೆ, ಅಲ್ಲಿ ನಮ್ಮ ಕುರಿಗಳನ್ನು ನಾನೇ ನಡೆಸಿದೆ. ಹತ್ತು ದಿನದಲ್ಲಿ ಇಟಗಿಯ ಹಲಗೆಯ ಮೇಲೆ ಮೂರೂ ಹುಲಿ ಸಿಕ್ಕಿಬಿದ್ದವು. ಮೌನೇಶಜ್ಜನ ಮನೆಯವರು ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿ ಹಂಚಿದರು. ಆಟ ಮುಗಿಯಿತೆಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳ ಹಲಗೆ ತಾ ಎಂದ ಗೆಳೆಯರಿಗೆ ನಾಳೆ ನಾಳೆ ಎನ್ನುತ್ತಿದ್ದೆ. ದಿನಾ ಒಂದು ಸುಳ್ಳು ನಡೆ ಒಯ್ಯುತ್ತಲೇ ಇದ್ದೆ.

ಒಂದು ಭಾನುವಾರ ಹಸನಸಾಬರು ಊರಿನ ಪಾತ್ರೆಗಳಿಗೆ ಕಲಾಯಿ ಹಾಕಲು ಇಟಗಿಗೆ ಬಂದರು. ಮಗಳೂ ಬಂದಿದ್ದಳು. ಕಟ್ಟೆಯ ಮುಂದೆ ಗುಂಡಿ ತೋಡಿ ತಿದಿ ಹೂಡಿದರು. ಹೆಂಗಸರು ಕೊಡ, ಪಾತೇಲಿ, ಚರಿಗೆ ತಂದು ಸಾಲು ಇಟ್ಟರು. ಅವಳು ಸೆರಗಿನಲ್ಲಿ ಸುತ್ತಿ ತಂದಿದ್ದ ಹಲಗೆಯನ್ನು, ಗೆದ್ದ ದಿನದಿಂದ ಹಾಗೇ ಇಟ್ಟಿದ್ದ ನಮ್ಮ ಹಲಗೆಯ ಪಕ್ಕದಲ್ಲಿ ಇಟ್ಟು, ಕಾಯಿಗಳನ್ನು ಅವವುಗಳ ಮನೆಗೆ ಜೋಡಿಸಿದಳು. ಜೋಡಿಸಿದವಳು ನಮ್ಮ ಹಲಗೆ ನೋಡಿ ಹಾಗೇ ನಿಂತಳು. ಅವಳ ಹಲಗೆಯಲ್ಲಿ ನಮ್ಮವು ಏಳೇ ಕುರಿ ಉಳಿದಿದ್ದವು, ಮೂರೂ ಹುಲಿ ಬಯಲಲ್ಲಿದ್ದವು.

“ಹನ್ನೊಂದರ ಹುಲಿ ಹನ್ನೆರಡಕ್ಕ ಅಂತ ಇಂವ ಹೇಳಿದ್ದ. ನೀ ಏನಂತ ಹೇಳಿ ಕಳಿಸಿದ್ದಿ?” ಅಜ್ಜ ಅವಳನ್ನು ಕೇಳಿದರು.

“ಹನ್ನೊಂದರ ಹುಲಿ ಆರಕ್ಕ ಅಂದಿದ್ನಿರಿ.”

ಎಲ್ಲರೂ ನನ್ನತ್ತ ನೋಡಿದರು. “ಹನ್ನೆರಡಕ್ಕ ಅಂತ ಅಕಿನ ಬಾಯಿಲೆ ಹೇಳ್ಯಾಳ” ಎಂದೆ. “ಸೋಲೂದು ಗೊತ್ತಾಗಿ ಅಲ್ಲೇ ಕುಂತು ಕುರಿ ತಗದಾಳ.”

ಅವಳು ಅಳಲಿಲ್ಲ. ಅಜ್ಜನ ಹತ್ತಿರ ಹೋದಳು. “ಯಜ್ಜಾ, ಮೊದಲನೇ ದಿನದಿಂದ ಹಿಡದು ಎಲ್ಲಾ ನಡಿ ನಾ ಹೇಳ್ತೀನಿ. ಇವನೂ ಹೇಳ್ಲಿ. ನನ್ನ ಮಾತು ಅವಂಗ ಕೇಳಬಾರ್ದು, ಅವನ ಮಾತು ನನಗ ಕೇಳಬಾರ್ದು. ನೀವಷ್ಟ ಕೇಳ್ರಿ. ಯಾರು ಎಡವತಾರ ಗೊತ್ತಾಕ್ಕೈತಿ.”

ಆ ಸುಳ್ಳಿನ ಮೇಲೆ ಯಾವ ನಡೆ ಯಾರಿಗೆ ಹೇಳಿದ್ದೆನೆಂದು ನನಗೇ ಕಲಸಿಹೋಗಿತ್ತು. ಅಷ್ಟು ಮಾಡಿದ್ದರೆ ನಾನು ಆ ಹನ್ನೆರಡರ ಮುಂದೆ ಐದು ನಡೆಯೊಳಗೇ ಸಿಕ್ಕಿಬೀಳುತ್ತಿದ್ದೆ.

ಮೌನೇಶಜ್ಜ ಕೆಟ್ಟವರಲ್ಲ. ಅವರಿಗೆ ಜಗಳ ಬೇಡವಾಗಿತ್ತು. “ಹಲಗಿ ಮಾಡಿಕೊಟ್ಟೆ, ನನ್ನ ಕೆಲಸ ಮುಗೀತವಾ” ಎಂದರು. “ಕಳ್ಳರನ್ನ ಕಾಯೂದು ನನ್ನ ಕೆಲಸಲ್ಲ. ಆಡವ್ರು ತಾವ ನೆಟ್ಟಗಿರಬೇಕು. ಆಟ ಅಂದಮ್ಯಾಲ ಇಂಥಾವು ನಡೀತಾವು, ಬಿಡು.”

ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಒಬ್ಬ, “ಆಟದಾಗ ಹಿಂಗ ಮಾಡವ್ರು ತವರದಾಗ ಸೀಸ ಬೆರಸೂದಿಲ್ಲೇನು?” ಎಂದ. ತಮಾಷೆಗೇ ಅಂದಿರಬೇಕು. ಆದರೆ ಒಬ್ಬ ಹೆಂಗಸು ಎದ್ದು ತನ್ನ ಕೊಡವನ್ನು ವಾಪಸು ತೆಗೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಅರ್ಧ ಗಳಿಗೆಯಲ್ಲಿ ಸಾಲು ಖಾಲಿಯಾಯಿತು. ತವರದಲ್ಲಿ ವಿಷದಂಥ ಅಗ್ಗದ ಸೀಸ ಬೆರೆಸುತ್ತಾನೆಂಬ ಮಾತು ಕಲಾಯಿಯವನ ಕೈ ಕತ್ತರಿಸಿದ ಹಾಗೆ. ನನಗೆ ಅದು ಅಂದೂ ಗೊತ್ತಿತ್ತು. ಬಾಯಿ ತೆರೆಯಲಿಲ್ಲ.

ಒಲೆಯ ಮೇಲೆ ಉಳಿದದ್ದು ನಮ್ಮ ಮನೆಯ ಮಜ್ಜಿಗೆ ಪಾತೇಲಿಯೊಂದೇ. ನಮ್ಮವ್ವ ಅದನ್ನು ಕೇಳಲು ಬಂದಾಗ ಹಸನಸಾಬರು ತಲೆ ಎತ್ತದೆ, “ಅರ್ಧಾ ಆಗೈತಿ ಯವ್ವಾ. ಹಂಗ ಒಯ್ದರ ಮಜ್ಜಿಗಿ ಕಿಲುಬತೈತಿ. ತಡೀರಿ” ಎಂದರು. ಮಗಳಿಗೆ, “ಬೇಟಿ, ತಿದಿ ಒತ್ತು” ಎಂದರು. ಅವಳು ಒತ್ತಿದಳು. ಆ ಪಾತೇಲಿಯ ಮಜ್ಜಿಗೆ ಮುಂದಿನ ವರ್ಷದವರೆಗೂ ಒಂದು ದಿನವೂ ಕೆಡಲಿಲ್ಲ. ದಿನಾ ಅದನ್ನೇ ಕುಡಿದು ಸಾಲಿಗೆ ಹೋದೆ, ಕಲಾಯಿ ಅಂಗಡಿ ತಪ್ಪಿಸಿ, ಹಿಂದಿನ ಓಣಿಯಿಂದ.

ಹೊರಡುವಾಗ ಅವಳು ತನ್ನ ಹಲಗೆಯನ್ನು ಕಟ್ಟೆಯ ಮೇಲೆ ಬಿಟ್ಟಳು. ಮೂರು ತವರದ ಹುಲಿಗಳನ್ನಷ್ಟೇ ಸೆರಗಿಗೆ ಕಟ್ಟಿಕೊಂಡಳು. “ಹಲಗಿ ಇಟ್ಕೋರಿ. ಆಟ ಮುಗದಿಲ್ಲ” ಎಂದಳು. ಆಮೇಲೆ ನನ್ನನ್ನು ನೋಡಿ, “ಪಾಳಿ ನಿಂದೈತಿ.”

ಮರುವರ್ಷ ಅವರು ಇಟಗಿಗೆ ಬರಲಿಲ್ಲ. ಅದರ ಮುಂದಿನ ವರ್ಷ ಕುಕನೂರಿನ ಅಂಗಡಿಯೂ ಮುಚ್ಚಿತು. ಕುಷ್ಟಗಿ ಕಡೆ ಹೋದರೆಂದು ಯಾರೋ ಅಂದರು. ಆಮೇಲೆ ಮನೆಮನೆಗೆ ಸ್ಟೀಲು ಬಂತು, ಕಲಾಯಿಯ ಕೂಗೇ ನಿಂತಿತು. ನವಸಾಗರದ ಹೊಗೆ ಹೇಗಿರುತ್ತದೆಂದು ಶಿಲ್ಪಾಳಿಗೆ ತೋರಿಸಬೇಕೆಂದರೂ ಕೊಪ್ಪಳದಲ್ಲಿ ನನಗೆ ಜಾಗ ಗೊತ್ತಿಲ್ಲ. ಹಲಗೆಗಳನ್ನು ಗೆಳೆಯರು ಎಲ್ಲಿ ಕಳೆದರೋ. ಕುಷ್ಟಗಿಗೆ ಮದುವೆಗೆ, ಮಣ್ಣಿಗೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಒಂದು ಸಲವೂ ಯಾರನ್ನೂ ವಿಚಾರಿಸಲಿಲ್ಲ.

ಶಿಲ್ಪಾ, ಅಂದು ನೀನು ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಆಟ ಮಾಡಿಕೊಟ್ಟವರು ಕಾಯಲೇಬೇಕು. ದೂರು ಬಂದರೆ ಎರಡೂ ಕಡೆ ಕೇಳಬೇಕು, ಅಂದು ಅವಳು ಕೇಳಿಕೊಂಡ ಹಾಗೆ. ಆಡುವವರು ತಾವಾಗಿಯೇ ನೆಟ್ಟಗಿರಲಿ ಎನ್ನುವವರಿಗೆ ನನ್ನಂಥವನ ಪರಿಚಯವಿಲ್ಲ. ಯಾರೂ ಹಿಡಿಯದಿದ್ದರೆ ಕಳ್ಳ ತಾನಾಗಿ ಬಾಯಿಬಿಡಲು ಎಷ್ಟು ಕಾಲ ತೆಗೆದುಕೊಳ್ಳುತ್ತಾನೆ ಎಂಬುದು ನನಗೆ ಗೊತ್ತು. ಅರವತ್ತು ವರ್ಷ. ಅಷ್ಟರಲ್ಲಿ ಕೇಳಬೇಕಾದವರು ಇರುತ್ತಾರೋ ಇಲ್ಲವೋ.

ಪಾಳಿ ಇನ್ನೂ ನನ್ನದೇ ಇದೆ. ಹನ್ನೊಂದರ ಹುಲಿ ಆರಕ್ಕ ಅಂತನ ನೀ ಹೇಳಿದ್ದಿ. ಹನ್ನೆರಡಕ್ಕ ಇಟ್ಟಾಂವ ನಾನು, ಮಾಬುಬಿ.