ರುಕ್ಕತ್ತೆ ಕೇಳಿದ ಹಂಚುಗಳು

ಕಾದ ಹಂಚಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆಗೆ ನಮ್ಮಲ್ಲಿ ಹೆಸರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆಯಷ್ಟು ಅದು ಮೆತ್ತಗಿಲ್ಲ. ಅದರಲ್ಲಿ ಬೂದಿಯ ಒಗರಿದೆ, ಸುಟ್ಟ ಕಟ್ಟಿಗೆಯ ಕಹಿಯಿದೆ, ತಳದಲ್ಲೆಲ್ಲೋ ಗದ್ದೆಯ ಕೆಸರಿನ ತಂಪೂ ಇದೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕುಂದಾಪುರದಲ್ಲಿ ಕಣ್ಣಿನ ಡಾಕ್ಟರರನ್ನು ಕಂಡು ಬಸ್‌ಸ್ಟ್ಯಾಂಡಿಗೆ ಹೋಗಬೇಕಾದವಳು, ಯಾಕೋ ಹೊಳೆಬದಿಯ ರಸ್ತೆಗೆ ತಿರುಗಿದೆ. ಎಷ್ಟೋ ವರ್ಷಗಳಿಂದ ಬೇಕೆಂದೇ ಬಿಟ್ಟಿದ್ದ ರಸ್ತೆ ಅದು. ಹಳೆಯ ಹಂಚಿನ ಕಾರ್ಖಾನೆಯನ್ನು ಯಾರೋ ಕೊಂಡುಕೊಂಡು ಹೊಳೆಗೆ ಮುಖಮಾಡಿದ ಫ್ಲ್ಯಾಟುಗಳನ್ನಾಗಿ ಮಾಡುತ್ತಿದ್ದಾರೆ ಎಂಬ ಸುದ್ದಿ ಕೋಟೇಶ್ವರದ ನಮ್ಮ ಮನೆಯವರೆಗೂ ಬಂದಿತ್ತು. ನೀಲಿ ತಗಡಿನ ಬೇಲಿಯ ಸಂದಿನಲ್ಲಿ ಕಂಡದ್ದು ಇಷ್ಟೇ: ಒಬ್ಬ ಕೆಲಸಗಾರ ಪೈಪು ಹಿಡಿದು ಕೆಂಪು ಮುರಕಲ್ಲಿನ ಗೋಡೆ ತೊಳೆಯುತ್ತಿದ್ದ, ಆ ನೀರು ಬಿಸಿಲಿಗೆ ಕಾದು ಬಿದ್ದಿದ್ದ ಹಳೆಯ ಹಂಚಿನ ರಾಶಿಯ ಮೇಲೆ ಹರಿಯುತ್ತಿತ್ತು. ಆ ವಾಸನೆ ಬಂದದ್ದೇ ನಾನು ಅಲ್ಲೇ ನಿಂತೆ. ನಿಮಗೂ ಅಂಥದ್ದೊಂದು ಜಾಗ ಇದ್ದೀತು. ಕಣ್ಣಿಗೆ ಅದು ಗುರುತು ಸಿಗದಷ್ಟು ಬದಲಾಗಿದ್ದರೂ ಮೂಗಿಗೆ ಮಾತ್ರ ಮೊದಲಿನಂತೆಯೇ ಇರುತ್ತದೆ.

ಆ ಬೇಲಿಯ ಒಳಗೆ, ಹೊಳೆಯ ದಂಡೆಗೆ ಹತ್ತಿಕೊಂಡು, ಕೆಲಸದವರ ಆರು ಮನೆಗಳ ಒಂದು ಸಾಲಿತ್ತು. ಕೊನೆಯ ಮನೆ ನಮ್ಮದು. ಎರಡು ಕೋಣೆ, ಒಂದು ಜಗಲಿ, ಹಿಂದೆ ಹೊಳೆಗೆ ಇಳಿಯುವ ನಾಲ್ಕು ಮೆಟ್ಟಿಲು. ಅಪ್ಪಯ್ಯ ಮೇಲಿನ ಗದ್ದೆಗಳಿಂದ ದೋಣಿಯಲ್ಲಿ ಜೇಡಿಮಣ್ಣು ತರುತ್ತಿದ್ದರು. ಅಮ್ಮ, ಹೆಸರು ಸೀತೆ, ಅಚ್ಚಿನಿಂದ ಬಂದ ಹಸಿ ಹಂಚುಗಳನ್ನು ಹಲಗೆಯ ಮೇಲಿಟ್ಟು ಒಣಗಿಸುವ ಅಟ್ಟಕ್ಕೆ ಹೊರುತ್ತಿದ್ದಳು. ಅಪ್ಪಯ್ಯನ ಅಕ್ಕ ರುಕ್ಮಿಣಿ, ನನಗೆ ರುಕ್ಕತ್ತೆ, ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಕಾರ್ಖಾನೆಯಲ್ಲಿ ಆಕೆಯದು ಎಲ್ಲರಿಗಿಂತ ಸದ್ದಿಲ್ಲದ ಕೆಲಸವೆಂದು ನೋಡಿದವರಿಗೆ ಅನ್ನಿಸಬಹುದಿತ್ತು. ನಿಜವಾಗಿ ಅದು ಸದ್ದಿನದೇ ಕೆಲಸ. ಭಟ್ಟಿಯಲ್ಲಿ ಬೆಂದ ಹಂಚುಗಳು ಆರಿದ ಮೇಲೆ ಆಕೆಯ ಮುಂದೆ ಬಂದು ಬೀಳುತ್ತಿದ್ದವು. ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಬಲಗೈಯ ಬೆರಳಗಂಟಿನಿಂದ ಒಮ್ಮೆ ಬಡಿಯುವಳು. ಗಟ್ಟಿ ಹಂಚಾದರೆ ಪೂಜೆಯ ಗಂಟೆಯ ಹಾಗೆ ದನಿ ಕೊಡುತ್ತಿತ್ತು. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಕೆಮ್ಮಿದ ಹಾಗೆ ಮಂಕಾಗಿ ಸದ್ದು ಮಾಡುತ್ತಿತ್ತು. ಒಳ್ಳೆಯದು ಬಲಕ್ಕೆ, ಬಿರುಕಿನದು ಎಡಕ್ಕೆ. ಶಂಕರನಾರಾಯಣದಂಥ ದೂರದ ಊರುಗಳಿಂದ ಮನೆ ಕಟ್ಟಿಸುವವರು ಬಂದು, "ರುಕ್ಮಿಣಿಯಮ್ಮ ಕಂಡ ಹಂಚೇ ಕೊಡಿ ಮಾರಾಯ್ರೆ" ಎಂದು ಕೇಳಿ ಒಯ್ಯುತ್ತಿದ್ದರು. ಶಾಲೆ ಬಿಟ್ಟು ಬಂದು ನಾನು ಆಕೆಯ ಹತ್ತಿರ ಹೋಗಿ ಕೂತರೆ ಒಂದು ಹಂಚನ್ನು ನನ್ನ ಕಿವಿಯ ಬಳಿ ಹಿಡಿಯುತ್ತಿದ್ದಳು. "ಕಣ್ಣ್ ಮುಚ್ಕಣ್. ಹಂಚ್ ಕಾಂಬುದ್ ಕಣ್ಣಂಗಲ್ಲ ಹೆಣೆ, ಕೆಮಿಯಂಗೆ." ನಮ್ಮ ಕಡೆ ಕಿವಿಗೆ ಕೆಮಿ, ನೋಡುವುದಕ್ಕೆ ಕಾಂಬುದು, ಹುಡುಗಿಯನ್ನು ಕರೆಯಲು ಹೆಣೆ ಎನ್ನುತ್ತಾರೆ. ನನಗೆ ಎಲ್ಲ ಹಂಚೂ ಒಂದೇ ಥರ ಕೇಳುತ್ತಿತ್ತು.

ಅಮ್ಮನಿಗೂ ಅತ್ತೆಗೂ ಹೊಂದುತ್ತಿರಲಿಲ್ಲ. ಜಗಳವಾಡಿದ್ದನ್ನು ನಾನು ಕಂಡಿಲ್ಲ, ಆದರೆ ಆ ಸಣ್ಣ ಅಡುಗೆಕೋಣೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಾಗದಂತೆ ಓಡಾಡುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ಅಮ್ಮ ಅರೆದ ಮಸಾಲೆ ಅತ್ತೆಗೆ ತರಿ. ಅತ್ತೆ ಮಾಡಿದ ಬಂಗುಡೆಯ ಸಾರು ಅಮ್ಮನಿಗೆ ಹುಳಿ. ತಮ್ಮನ ಮನೆಯೆಂದು ಅತ್ತೆಗೆ ಒಂದು ಬಗೆಯ ಬಿಗುಮಾನ, ತನ್ನ ಮನೆಯಲ್ಲಿ ತಾನು ಎರಡನೆಯವಳೆಂದು ಅಮ್ಮನಿಗೆ ಇನ್ನೊಂದು ಬಗೆಯದು. ಊಟಕ್ಕೆ ಕೂತಾಗ ಅಪ್ಪಯ್ಯ ಹೊಳೆಯ ಉಬ್ಬರ ಇಳಿತದ ಮಾತನ್ನಷ್ಟೇ ಆಡುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ನೋವಾಗದ ಮಾತು ಅದೊಂದೇ ಇತ್ತೇನೋ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅತ್ತೆಯಲ್ಲಿ ಏನೋ ಬದಲಾಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅನ್ನ ಉಕ್ಕಿ ಒಲೆ ಆರುತ್ತಿದ್ದರೂ ಎರಡು ಮಾರು ದೂರದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಲೇ ಇರುತ್ತಿದ್ದಳು. ಅಪ್ಪಯ್ಯನ ದೋಣಿ ತಿರುವಿನಲ್ಲಿರುವಾಗಲೇ ಹುಟ್ಟಿನ ಸದ್ದು ಹಿಡಿದು ಒಲೆಗೆ ನೀರಿಡುತ್ತಿದ್ದವಳು, ಈಗ ಅವರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ ಮೇಲೆ ಬೆಚ್ಚಿ ನೋಡುತ್ತಿದ್ದಳು. ಬಿಗುಮಾನವೇ ಹೆಚ್ಚಾಗಿದೆ ಎಂದು ನಾನು ತಿಳಿದಿದ್ದೆ. ಒಂದು ಸಂಜೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ, "ಅತ್ಗೆಗೆ ಕೆಮಿ ಕೇಂತಿಲ್ಲೆ. ನೀ ಎಲ್ಲೂ ಬಾಯಿ ಬಿಡ್ಬೇಡ" ಅಂದಳು. ಮರುದಿನ ಅವಳು ಮೇಸ್ತ್ರಿಯ ಮುಂದೆ ನಿಂತು, ಸೊಂಟನೋವು, ಹಲಗೆ ಹೊರಲು ಆಗುವುದಿಲ್ಲ, ಕೂತು ಮಾಡುವ ಕೆಲಸ ಕೊಡಿ ಎಂದು ಕೇಳಿಕೊಂಡಳು. ಅಮ್ಮನ ಸೊಂಟಕ್ಕೆ ಏನೂ ಆಗಿರಲಿಲ್ಲ. ಮೇಸ್ತ್ರಿ ಅವಳನ್ನು ಅತ್ತೆಯ ಪಕ್ಕದಲ್ಲಿ, ಹಂಚು ಎತ್ತಿಕೊಡುವ ಕೆಲಸಕ್ಕೆ ಕೂರಿಸಿದ.

ಅಲ್ಲಿಂದ ಎರಡು ವರ್ಷ ಅಮ್ಮ ಅತ್ತೆಯ ಕಿವಿಯಾದಳು. ಅತ್ತೆ ಹಂಚು ಬಡಿಯುವಳು, ಅಮ್ಮ ಕೇಳುವಳು. ಮಂಕಾದ ಸದ್ದು ಬಂದರೆ ಅಮ್ಮನ ಮೊಣಕಾಲು ಅತ್ತೆಯ ಮೊಣಕಾಲಿಗೆ ಮೆಲ್ಲಗೆ ತಾಗುತ್ತಿತ್ತು, ಹಂಚು ಎಡಕ್ಕೆ ಹೋಗುತ್ತಿತ್ತು. ಈ ಒಪ್ಪಂದ ಅವರ ನಡುವೆ ಹೇಗಾಯಿತು, ಯಾರು ಮೊದಲು ಕೇಳಿದರು, ನನಗೆ ಇವತ್ತಿಗೂ ತಿಳಿಯದು. ಬಹುಶಃ ಯಾರೂ ಕೇಳಲಿಲ್ಲ. ಮನೆಯಲ್ಲಿ ಮಾತ್ರ ಮಸಾಲೆ ತರಿಯಾಗಿಯೇ ಉಳಿಯಿತು, ಸಾರು ಹುಳಿಯಾಗಿಯೇ ಉಳಿಯಿತು. ಹಗಲಿಡೀ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದ ಇಬ್ಬರು ಹೆಂಗಸರು ಮನೆಯ ಹೊಸ್ತಿಲು ದಾಟಿದೊಡನೆ ಮತ್ತೆ ತಾಗದಂತೆ ಓಡಾಡುತ್ತಿದ್ದರು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅಮ್ಮನಿಗೆ ಜ್ವರ ಬಂತು. ಮಳೆಗಾಲ ಹತ್ತಿರವಾದ್ದರಿಂದ ಕಾರ್ಖಾನೆಯಲ್ಲಿ ತುಂಬ ಅವಸರ. ಬೈಂದೂರಿನ ಕಡೆಯ ಒಂದು ಶಾಲೆಗೆ ಹಂಚು ಹೋಗಬೇಕಿತ್ತು, ಲಾರಿ ಬಂದು ನಿಂತಿತ್ತು. ಅತ್ತೆ ಒಬ್ಬಳೇ ತನ್ನ ಹಲಗೆಯ ಮೇಲೆ ಹೋಗಿ ಕೂತಳು. ಅಂದು ಅಲ್ಲಿದ್ದ ಹೆಂಗಸರು ಆಮೇಲೆ ಹೇಳಿದ್ದು: ಆಕೆ ಒಂದು ಹಂಚು ಎತ್ತಿಕೊಂಡಳು, ಬಡಿದಳು, ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ. ಕೊನೆಗೆ ಎದ್ದು, ಸೆರಗಿನ ಧೂಳು ಕೊಡವಿಕೊಂಡು, ಸೀದಾ ಆಫೀಸಿನ ಕೋಣೆಗೆ ಹೋಗಿ ಲೆಕ್ಕ ಬರೆಯುವ ರೈಟರ ಮೇಜಿನ ಮುಂದೆ ನಿಂತಳು. "ನಂಗ್ ಕೆಮಿ ಕೇಂತಿಲ್ಲೆ ರೈಟ್ರೇ. ಇನ್ನ್ ನಾ ಹಂಚ್ ಕಾಂಬುಕಾಗ." ರೈಟರು ಏನೋ ಕೇಳಿದರು. ಅದೂ ಆಕೆಗೆ ಕೇಳಿಸಲಿಲ್ಲ, ಆದರೆ ಏನು ಕೇಳಿದ್ದಾರೆಂದು ಗೊತ್ತಾಗಿತ್ತು. "ಎರಡ್ ವರ್ಷ ಆಯ್ತ್. ಇಷ್ಟ್ ದಿನ ನಮ್ಮ ಸೀತೆ ಕೇಂಡದ್. ಅವ್ಳ್ ಕೇಂಡ ಹಂಚೆಲ್ಲ ಸಮ ಇತ್. ತಪ್ಪ್ ಅವ್ಳದ್ದಲ್ಲ."

ಸುದ್ದಿ ಅತ್ತೆಗಿಂತ ಮೊದಲೇ ನಮ್ಮ ಮನೆ ಮುಟ್ಟಿತು. ರೈಟರು ಇಬ್ಬರನ್ನೂ ಕೆಲಸದಿಂದ ತೆಗೆಯಬೇಕು ಅನ್ನುತ್ತಿದ್ದಾರಂತೆ. ಹಾಗೆ ಕೆಲಸ ಹೋದರೆ, ಅಪ್ಪಯ್ಯ ಅಲ್ಲೇ ದುಡಿಯುತ್ತಿದ್ದರೂ, ಕಾರ್ಖಾನೆಯ ಮನೆಯೂ ಹೋಗುತ್ತದೆ. ಅಮ್ಮ ಚಾಪೆಯ ಮೇಲೆ ಎದ್ದು ಕೂತಳು. ಜ್ವರಕ್ಕೆ ಅವಳ ಕಣ್ಣು ಕೆಂಪಾಗಿತ್ತು. ಅತ್ತೆ ಒಳಗೆ ಬಂದೊಡನೆ, ಅಷ್ಟು ವರ್ಷ ದನಿ ಎತ್ತದ ಅಮ್ಮ ದನಿ ಎತ್ತಿದಳು. "ನಾಕ್ ದಿನ ಜ್ವರ ಅಂದೇಳಿ ನೀವೂ ಮನಿಯಂಗೆ ಇಪ್ಪುಕಾಯ್ಲಿಲ್ಯಾ? ನಾ ಎರಡ್ ವರ್ಷ ಕೂಕಂಡದ್ ಎಂತಕೆ?" ಅತ್ತೆ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ನೆಲದ ಮೇಲೆ ಕೂತು, ಬಹಳ ಮೆಲ್ಲಗೆ, ತನ್ನ ದನಿ ಎಷ್ಟಿದೆಯೆಂದು ತನಗೇ ತಿಳಿಯದವಳಂತೆ ಹೇಳಿದಳು. "ಲಾರಿ ನಿಂತಿತ್ತ್ ಸೀತಾ. ಶಾಲಿಗೆ ಹೋಪ ಹಂಚ್ ಅದ್. ಒಂದ್ ಒಡ್ಕ್ ಹೋಯ್ರೂ ಮಕ್ಕಳ ತಲಿ ಮೇಲೆ ಸೋರತ್ತ್." ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆ ಬಟ್ಟೆ ಒದ್ದೆ ಮಾಡಿ ತಂದು ಅವಳ ಹಣೆಯ ಮೇಲಿಟ್ಟು, ಅಲ್ಲೇ ಕೂತಳು. ಇಬ್ಬರೂ ಅಷ್ಟು ಹತ್ತಿರ ಕೂತದ್ದನ್ನು ನಾನು ಆ ಮನೆಯೊಳಗೆ ಮೊದಲ ಸಲ ಕಂಡೆ.

ಐದಾರು ದಿನ ನಾವು ಗಂಟು ಕಟ್ಟಿಡಬೇಕೋ ಬೇಡವೋ ಎಂದು ತಿಳಿಯದೆ ಕಳೆದೆವು. ಆಮೇಲೆ ಕಾರ್ಖಾನೆಯ ಧಣಿಗಳು ತಾವೇ ಬಂದರು. ವಯಸ್ಸಾದವರು, ಕಡಿಮೆ ಮಾತಿನವರು. ಒಳ್ಳೆಯದನ್ನೂ ಬಿರುಕಿನದನ್ನೂ ಬೆರಕೆ ಮಾಡಿ ಒಂದು ರಾಶಿ ಹಾಕಿಸಿ, ಇನ್ನೂ ನಿತ್ರಾಣವಾಗಿದ್ದ ಅಮ್ಮನನ್ನು ಕರೆಸಿದರು. ಅಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಬಡಿದು ಬಲಕ್ಕೂ ಎಡಕ್ಕೂ ಇಡುತ್ತ ಹೋದಳು. ನಾವೆಲ್ಲ ಕಂಬದ ಮರೆಯಲ್ಲಿ ನಿಂತಿದ್ದೆವು. ಎಡಕ್ಕೆ ಬಿದ್ದ ಹಂಚುಗಳನ್ನು ಧಣಿಗಳು ನೀರಿನ ತೊಟ್ಟಿಯಲ್ಲಿ ಅದ್ದಿಸಿ, ಬಿರುಕಿನಲ್ಲಿ ನೀರು ಇಳಿಯುವುದನ್ನು ಒಂದೊಂದಾಗಿ ನೋಡಿದರು. ಬಲಗಡೆಯ ಒಂದಷ್ಟನ್ನೂ ಹಾಗೆಯೇ ನೋಡಿದರು. ಎಲ್ಲವೂ ಸರಿಯಾಗಿತ್ತು. "ಇವಳು ಇಲ್ಲೇ ಕೂರಲಿ, ರುಕ್ಮಿಣಿ ಮಣ್ಣಿಗೆ ಹೋಗಲಿ" ಎಂದು ಹೇಳಿ ಹೊರಟುಹೋದರು. ಮನೆ ಉಳಿಯಿತು. ಆದರೆ ಮಣ್ಣಿನ ಕೆಲಸವೆಂದರೆ ಮೊಣಕಾಲವರೆಗೆ ಕೆಸರಲ್ಲಿ ನಿಂತು ಜೇಡಿಯಿಂದ ಬೇರು, ಕಲ್ಲು ಆರಿಸುವುದು. ಹೊಸದಾಗಿ ಸೇರಿದವರಿಗೆ ಕೊಡುತ್ತಿದ್ದದ್ದು. ಅತ್ತೆಗೆ ಆಗ ಐವತ್ತು ದಾಟಿತ್ತು. ಅಮ್ಮ ಆ ಹಲಗೆಯ ಮೇಲೆ ಕೂರಲು ಒಪ್ಪಲಿಲ್ಲ, ನಿಂತೇ ಇದ್ದಳು. ಅತ್ತೆಯೇ ಬಂದು ಅವಳ ಕೈಹಿಡಿದು ಕೂರಿಸಿ, ಮೊದಲ ಹಂಚನ್ನು ಎತ್ತಿ ಕೈಗಿಟ್ಟು, ಕೆಸರಿನ ತೊಟ್ಟಿಯ ಕಡೆ ನಡೆದಳು.

ಅದಾದ ಮೇಲೆ ನಮ್ಮ ಮನೆಯ ಅಡುಗೆಕೋಣೆಯ ರೀತಿಯೇ ಬದಲಾಯಿತು. ಊರಿನಲ್ಲಿ ಯಾರ ತುಟಿಯೂ ಅತ್ತೆಗೆ ತಿಳಿಯುತ್ತಿರಲಿಲ್ಲ, ಅಮ್ಮನದು ಮಾತ್ರ ತಿಳಿಯುತ್ತಿತ್ತು. ಪೇಟೆಗೆ, ಮದುವೆಮನೆಗೆ, ಆಸ್ಪತ್ರೆಗೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು. ಮನೆಮನೆಗೆ ತಾರಸಿ ಬಂದು ಹಂಚು ಕೇಳುವವರಿಲ್ಲವಾದಾಗ ಭಟ್ಟಿ ಆರಿತು. ಅಷ್ಟರಲ್ಲಿ ಅಪ್ಪಯ್ಯ ತೀರಿಕೊಂಡಿದ್ದರು. ನನಗೆ ಕೋಟೇಶ್ವರದ ಹತ್ತಿರ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಅತ್ತೆ ಕೊನೆಯ ದಿನಗಳಲ್ಲಿ ಹಾಸಿಗೆಯಿಂದ, "ಹೊಳಿಯಂಗೆ ನೀರ್ ಏರಿತಾ ಕಾಣ್ ಸೀತಾ" ಎಂದು ಕೇಳುತ್ತಿದ್ದಳು. ನಮ್ಮ ಹೊಸ ಮನೆಯ ಹತ್ತಿರ ಹೊಳೆ ಇರಲಿಲ್ಲ. ಅಮ್ಮ ಪ್ರತಿಸಲವೂ ಎದ್ದು ಅಂಗಳಕ್ಕೆ ಹೋಗಿ, ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಆಕೆಯ ಮುಖದ ಎದುರು ಬಗ್ಗಿ, "ಏರಿತ್ ಅತ್ಗೆ" ಅನ್ನುತ್ತಿದ್ದಳು. ಸುಮ್ಮನೆ ಕೂತಲ್ಲಿಂದಲೇ ಹೇಳಬಹುದಿತ್ತು. ಒಂದು ಸಲವೂ ಹಾಗೆ ಹೇಳಲಿಲ್ಲ.

ಆ ಮಧ್ಯಾಹ್ನ ಬೇಲಿಯ ಬಳಿ ನಿಂತಿದ್ದ ನನ್ನನ್ನು ಮನೆ ಕೊಳ್ಳಲು ಬಂದವಳೆಂದು ತಿಳಿದು, ಅಲ್ಲಿ ಮನೆ ತೋರಿಸುತ್ತಿದ್ದ ಬ್ರಹ್ಮಾವರದ ಕಡೆಯ ಒಬ್ಬ ಹುಡುಗಿ ಒಳಗೆ ಕರೆದಳು. ನಾನು ಅಲ್ಲವೆನ್ನಲಿಲ್ಲ. ಒಣಗಿಸುವ ಅಟ್ಟದ ದಪ್ಪ ತೊಲೆಗಳಿಗೆ ಹೊಳಪಿನ ಎಣ್ಣೆ ಬಳಿದು ಹಾಗೇ ಇಟ್ಟಿದ್ದರು, ಅವುಗಳ ಕೆಳಗೆ ಮಾದರಿ ಮನೆ. ನೆಲದಿಂದ ಮಾಡಿನವರೆಗೆ ಗಾಜು, ಗಾಜಿನಾಚೆ ಹೊಳೆ, ಹೊಳೆಯಾಚೆ ಗಂಗೊಳ್ಳಿಯ ದೋಣಿಗಳು. ಚಂದವಿರಲಿಲ್ಲ ಅಂದರೆ ಸುಳ್ಳಾದೀತು. ಗೋಡೆಯ ಮೇಲೆ ದೊಡ್ಡ ಚಿತ್ರವೊಂದರಲ್ಲಿ ಹೆಂಗಸರು ಹಂಚು ಹೊತ್ತು ಸಾಲಾಗಿ ನಡೆಯುತ್ತಿದ್ದರು. ಕನ್ನಡಕ ಏರಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರೂ ನಮ್ಮವರಲ್ಲ. ನಮ್ಮ ಕಡೆಯವರು ತಲೆಗೆ ಹಾಗೆ ಬಟ್ಟೆ ಸುತ್ತುತ್ತಿರಲಿಲ್ಲ. ಇದು ಯಾವ ಊರಿನ ಚಿತ್ರ ಎಂದು ಕೇಳಿದೆ. "ಅದ್ ಕಂಪೆನಿಯೋರು ಹಾಕಿದ್ದ್ ಮೇಡಂ, ನಂಗ್ ಗೊತ್ತಿಲ್ಲೆ" ಅಂದಳು ಹುಡುಗಿ. ಪ್ರಾಮಾಣಿಕವಾದ ಮುಖ. ಅತ್ತೆ ಕೂತು ಹಂಚು ಬಡಿಯುತ್ತಿದ್ದ ಜಾಗ ಎಲ್ಲಿತ್ತೆಂದು ಲೆಕ್ಕ ಹಾಕಿದೆ. ಅಲ್ಲಿ ಈಜುಕೊಳಕ್ಕೆ ಗುಂಡಿ ತೋಡಿದ್ದರು.

ಹೊರಡುವ ಮೊದಲು ಹೊಳೆಬದಿಗೆ ಹೋಗಿಬರಲೇ ಎಂದು ಕೇಳಿದೆ. ಆಗಬಹುದು ಅಂದಳು. ಆರು ಮನೆಗಳಿದ್ದಲ್ಲಿ ನೆಲ ಸಮಮಾಡಿ ಹುಲ್ಲು ಹಾಸಿದ್ದರು. ನಮ್ಮ ನಾಲ್ಕು ಮೆಟ್ಟಿಲಲ್ಲಿ ಕೆಳಗಿನ ಎರಡು ಉಳಿದಿದ್ದವು, ಇಳಿತದ ಹೊತ್ತಾದ್ದರಿಂದ ಕೆಸರಿನ ಮೇಲೆ ಕಾಣುತ್ತಿದ್ದವು. ನಾನು ದಂಡೆಯ ಮೇಲೆ ಕೂತೆ. ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಸಣ್ಣ ದೋಣಿಯನ್ನು ಗಳದಿಂದ ನೂಕುತ್ತ ಹತ್ತಿರ ಬಂದಳು. ಬಿಸಿಲಲ್ಲಿ ಕೂತ ನನ್ನನ್ನು ಕಂಡು ನೂಕುವುದನ್ನು ನಿಲ್ಲಿಸಿದಳು. "ಹ್ವಾಯ್, ಎಂತ ಅಮ್ಮಾ, ಒಬ್ರೇ ಕೂಕಂಡಿದ್ರಿ?"

"ನಮ್ಮನಿ ಇಲ್ಲೇ" ಅಂದೆ. ಇದ್ದದ್ದು ಅನ್ನಬೇಕಿತ್ತು. ಬಾಯಿಗೆ ಬಂದದ್ದು ಹಾಗೆ.

ಆಕೆ ಹಣೆಗೆ ಕೈ ಅಡ್ಡ ಹಿಡಿದು, ನನ್ನ ಹಿಂದೆ ಏಳುತ್ತಿದ್ದ ಫ್ಲ್ಯಾಟುಗಳ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಹೌದಾ. ಯಾವ ಮಾಳಿಗಿ?"

"ಕೆಳಗಿಂದ್."

"ಒಳ್ಳೇದಾಯ್ತ್. ಹೊಳಿ ಹತ್ರ ಆತ್ತ್" ಅಂದಳು ಆಕೆ, ಮತ್ತೆ ಗಳ ಊರಿ ದೋಣಿಯನ್ನು ಮುಂದಕ್ಕೆ ನೂಕಿದಳು. ಅವಳು ತಿರುವು ದಾಟುವವರೆಗೂ ನಾನು ಅಲ್ಲೇ ಕೂತಿದ್ದೆ.