ಲಡಾಖಿಗೆ ಬಾರದ ಟೀಚರ್

ಕೊಪ್ಪದಲ್ಲಿ ನಮಗೆಲ್ಲ ಹಕ್ಕಿ ನೋಡುವುದನ್ನು ಕಲಿಸಿದವರು ವಿಜ್ಞಾನದ ಟೀಚರ್. ತುಟಿಯ ಮೇಲೆ ಬೆರಳಿಟ್ಟು, “ಹಕ್ಕಿಗಳ ಮನೆಗೆ ನಾವು ನೆಂಟರು ಮಾರಾಯ್ರೆ, ತೊಂದ್ರೆ ಕೊಡ್ಬಾರ್ದು” ಎನ್ನುತ್ತಿದ್ದರು.

ಹಕ್ಕಿ ನೋಡಲು ಟೀಚರ್ ಜೊತೆ ಲಡಾಖಿಗೆ ಹೊರಡುವ ಹಿಂದಿನ ದಿನ ಗೆಳೆಯನ ಮನೆಯಲ್ಲಿ ಎಲ್ಲರೂ ಚೀಲ ತುಂಬುತ್ತಿದ್ದೆವು. ಅವನು ಕ್ಯಾಮೆರಾದ ಪಕ್ಕ ಪುಟ್ಟ ಸ್ಪೀಕರ್ ಇಟ್ಟ.

“ಇದೆಂತಕ್ಕೆ?” ಎಂದರು ಟೀಚರ್.

“ಜೋಡಿಯ ಕೂಗು ಹಾಕಿದ್ರೆ ಹಕ್ಕಿ ಹತ್ರ ಬರ್ತದೆ. ಫೋಟೋ ಚೆನ್ನಾಗಿ ಸಿಗ್ತದೆ. ಎಲ್ರೂ ಹಾಕ್ತಾರೆ ಟೀಚರ್.”

ಅವರ ಮುಖ ಕೆಂಪಾಯಿತು. “ಮರಿ ಮಾಡೋ ಹೊತ್ತಲ್ಲಿ ಅದಕ್ಕೆ ಸುಳ್ಳು ಹೇಳಿ ಕರೀತೀಯ? ತೆಗಿ ಅದನ್ನ. ಇಲ್ದಿದ್ರೆ ನಾನು ಬರೂದಿಲ್ಲ.”

ಅವನು ತೆಗೆಯಲಿಲ್ಲ. ವರ್ಷಗಟ್ಟಲೆ ಕಾದಿದ್ದ ಪ್ರಯಾಣವನ್ನು ಬಿಟ್ಟು ಟೀಚರ್ ತಮ್ಮ ಚೀಲ ಎತ್ತಿಕೊಂಡು ಹೊರಟರು. ಅವರು ಕಲಿಸಿದ ಆರು ಜನ ಅಲ್ಲಿದ್ದೆವು. ಒಬ್ಬರೂ ಅವರ ಪರವಾಗಿ ಬಾಯಿ ಬಿಡಲಿಲ್ಲ. ನಾನು ತಲೆ ತಗ್ಗಿಸಿ ಸ್ವೆಟರ್ ಮಡಚುತ್ತಲೇ ಇದ್ದೆ.